ಹದಿನೆಂಟು ದಾಟಿದ ಮಕ್ಕಳಿಗೆ ಮನೆಯ ನಿಯಮ: ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ರಾತ್ರಿ 11 ಗಂಟೆ 40 ನಿಮಿಷ. ಮೇಜಿನ ಮೇಲೆ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ಒಳಗೆ ಅನ್ನ ಆರಿ ಗಟ್ಟಿಯಾಗಿದೆ, ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿದೆ. ಗೇಟಿನ ಚಿಲಕದ ಸದ್ದಾಗುತ್ತದೆ. 23ರ ಮಗ ಒಳಗೆ ಬಂದು ಶೂ ಬಿಚ್ಚುತ್ತಾ, "ಊಟ ಆಯ್ತಮ್ಮ, ಆಫೀಸಿನವರ ಜೊತೆ" ಅನ್ನುತ್ತಾನೆ. ರೂಮಿನೊಳಗಿಂದಲೇ ಅಪ್ಪನ ಕೂಗು: "ಇದೇನು ಮನೆನೋ ಲಾಡ್ಜೋ?"

ಆ ತಟ್ಟೆ ಮುಚ್ಚಿಟ್ಟವಳು ನಾನೇ. ವಿಜಯನಗರದ ನಮ್ಮ ಮನೆಯಲ್ಲಿ ಹೋದ ವರ್ಷ ಹೆಚ್ಚು ಕಮ್ಮಿ ವಾರಕ್ಕೆ ಎರಡು ಸಲ ಈ ನಾಟಕ ನಡೆಯುತ್ತಿತ್ತು.

ಚಿಕ್ಕವನಿದ್ದಾಗ ಕಿವಿ ಹಿಂಡಿದರೆ ಸಾಕಿತ್ತು. ಈಗ ಕಿವಿ ಕೈಗೆ ಎಟುಕುವುದಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ 22ರ ಹುಡುಗ ಒಂದೋ ಹೊಲದಲ್ಲಿರುತ್ತಿದ್ದ, ಇಲ್ಲಾ ಬೇರೆ ಊರಲ್ಲಿ ಕೆಲಸಕ್ಕೆ ಸೇರಿರುತ್ತಿದ್ದ. ಹುಡುಗಿಗೆ ಮದುವೆಯಾಗಿರುತ್ತಿತ್ತು. ಈಗ ಓದು ಮುಗಿಯೋದೇ ತಡ, ಮದುವೆ ಇನ್ನೂ ತಡ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ನೋಡಿದರೆ ಮಕ್ಕಳು ಅಪ್ಪ ಅಮ್ಮನ ಮನೆಯಲ್ಲೇ ಇರೋದು ಜಾಣತನ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ 18ರಿಂದ 25ರವರೆಗಿನ ವಯಸ್ಸಿಗೆ ಬೇರೆ ಹೆಸರನ್ನೇ ಕೊಟ್ಟರು. ನಮ್ಮ ಮಾತಲ್ಲಿ ಹೇಳೋದಾದರೆ 'ದೊಡ್ಡವರಾಗುತ್ತಿರುವ ವಯಸ್ಸು'. ಪೂರ್ತಿ ಮಕ್ಕಳೂ ಅಲ್ಲ, ಪೂರ್ತಿ ದೊಡ್ಡವರೂ ಅಲ್ಲ. ಇಂಥವರಿಗೆ ಮನೆಯಲ್ಲಿ ನಿಯಮ ಹಾಕಬಹುದಾ? ಮುರಿದರೆ ಏನು ಮಾಡೋದು?

18 ತುಂಬಿದ ದಿನ ಏನು ಬದಲಾಗುತ್ತದೆ?

ಮೊದಲು ಕಾನೂನು ನೋಡಿಬಿಡೋಣ, ಯಾಕೆಂದರೆ ಜಗಳದಲ್ಲಿ ಎರಡೂ ಕಡೆಯವರು ಅರ್ಧಂಬರ್ಧ ಕಾನೂನು ಮಾತಾಡುತ್ತಾರೆ.

ನಮ್ಮ ದೇಶದಲ್ಲಿ 18 ತುಂಬಿದವರು ವಯಸ್ಕರು. ಇದು 1875ರಷ್ಟು ಹಳೆಯ ಕಾಯ್ದೆ. ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು, ಸಾಲದ ಅರ್ಜಿ ಎಲ್ಲಕ್ಕೂ ಅವರದೇ ಸಹಿ. ಓಟಿನ ವಯಸ್ಸು 21 ಇದ್ದದ್ದು 18ಕ್ಕೆ ಇಳಿದಿದ್ದು 1989ರಲ್ಲಿ. ಮದುವೆಗೆ ಮಾತ್ರ ಹುಡುಗನಿಗೆ ಇವತ್ತಿಗೂ 21 ಆಗಬೇಕು. ಸರ್ಕಾರ ಆರಿಸೋ ಬುದ್ಧಿ ಬಂದರೂ ಸಂಸಾರದ ಬುದ್ಧಿಗೆ ಇನ್ನೂ 3 ವರ್ಷ ಬೇಕು ಅಂತಲೋ ಏನೋ.

ವಯಸ್ಕರನ್ನು ರೂಮಿಗೆ ಹಾಕಿ ಬೀಗ ಜಡಿಯುವಂತಿಲ್ಲ. ಹೆತ್ತವರೇ ಮಾಡಿದರೂ ಅದು ಅಕ್ರಮ ಬಂಧನ ಅನ್ನುವ ಅಪರಾಧ. ಹೊಡೆಯುವುದೂ ಅಷ್ಟೇ.

ಇನ್ನು 'ಇದು ನನ್ನ ಮನೆನೂ ಹೌದು' ಅನ್ನೋ ಮಾತು. ಪಿತ್ರಾರ್ಜಿತ ಆಸ್ತಿಯಾದರೆ ಹಿಂದೂ ಕುಟುಂಬದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. ಹೆಣ್ಣುಮಕ್ಕಳಿಗೂ ಆ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೆ ಅಪ್ಪ ಅಮ್ಮ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯ ಕಥೆ ಬೇರೆ. ಅಂಥ ಮನೆಯಲ್ಲಿ ಮಗನಿಗೆ ಮದುವೆಯಾಗಿರಲಿ ಬಿಡಲಿ, ಇರುವ ಕಾನೂನು ಹಕ್ಕಿಲ್ಲ, ಹೆತ್ತವರು ಒಪ್ಪಿದಷ್ಟು ದಿನ ಇರಬಹುದು ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಹಾಗಂತ ಹೆತ್ತವರ ಹೊಣೆ 18ಕ್ಕೇ ಮುಗಿಯಿತು ಅಂತಲೂ ಅಲ್ಲ. ಹಿಂದೂ ಕುಟುಂಬಗಳಿಗೆ ಅನ್ವಯವಾಗುವ 1956ರ ಜೀವನಾಂಶದ ಕಾಯ್ದೆ ಪ್ರಕಾರ, ಮದುವೆಯಾಗದ ಮಗಳಿಗೆ ತನ್ನ ಖರ್ಚು ತಾನು ನೋಡಿಕೊಳ್ಳಲು ಆಗದಿದ್ದರೆ ಹೆತ್ತವರೇ ನೋಡಿಕೊಳ್ಳಬೇಕು.

ಹೀಗಾಗಿ 18ರವರೆಗೆ 'ನಾನು ನಿನ್ನ ಅಪ್ಪ' ಅನ್ನೋದು ಒಂದು ಅಧಿಕಾರ. ಆಮೇಲೆ ಅದು ಸಂಬಂಧ ಮಾತ್ರ. ನಿಯಮಕ್ಕೆ ನೆಲ ಬೇಕು ಅಂದರೆ ಅದು ಈ ಮನೆ, ಈ ಅಡುಗೆಮನೆ, ಈ ಸ್ಕೂಟರ್, ಈ ದುಡ್ಡು. ಅಲ್ಲಿಂದಾಚೆ ನಮಗೆ ಹೇಳುವುದಕ್ಕಾಗುತ್ತದೆ, ಕೇಳಿಸುವುದಕ್ಕಾಗುವುದಿಲ್ಲ.

ಗೃಹಪ್ರವೇಶ ಆಗಿದೆ, ವೈರಿಂಗ್ ಬಾಕಿ ಇದೆ

'ಇಷ್ಟು ದೊಡ್ಡವನಾಗಿ ಇಷ್ಟೂ ತಿಳಿಯಲ್ವಾ?' ಅಂತ ಕೇಳುತ್ತೇವಲ್ಲ, ಅದಕ್ಕೆ ನಿಜವಾಗಿ ಒಂದು ಉತ್ತರವಿದೆ. ಮುಂದೇನಾಗುತ್ತದೆ ಅಂತ ಯೋಚಿಸುವ, ತಡೆದುಕೊಳ್ಳುವ ಕೆಲಸ ಮಾಡುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಮಾಗಲು 20ರ ದಶಕದ ನಡುವಿನವರೆಗೂ ಸಮಯ ಬೇಕು. ಗೃಹಪ್ರವೇಶ ಮುಗಿದ ಹೊಸ ಮನೆ ನೋಡಿರುತ್ತೀರಿ. ಹೊರಗಿಂದ ಬಣ್ಣ ಬಳಿದು ತೋರಣ ಕಟ್ಟಿದೆ, ಒಳಗೆ ಇನ್ನೂ ಎರಡು ರೂಮಲ್ಲಿ ವೈರ್ ನೇತಾಡುತ್ತಿದೆ. ಹಾಗೆ.

ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 13ರಿಂದ 16, 18ರಿಂದ 22, 24 ದಾಟಿದವರು, ಹೀಗೆ ಮೂರು ಗುಂಪಿಗೆ ಕಾರು ಓಡಿಸುವ ವಿಡಿಯೊ ಗೇಮ್ ಕೊಟ್ಟರು. ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕ ವಯಸ್ಸಿನವರು ಅಪಾಯಕ್ಕೆ ಕೈಹಾಕುವುದು ಜಾಸ್ತಿಯಾಯಿತು, ದೊಡ್ಡವರಲ್ಲಿ ಅಷ್ಟಾಗಲಿಲ್ಲ. ಮನೆಯಲ್ಲಿ ಹೆಲ್ಮೆಟ್ ಹಾಕೋ ಹುಡುಗ ಗೆಳೆಯರ ಜೊತೆ ನಂದಿಬೆಟ್ಟಕ್ಕೆ ಹೊರಟಾಗ ಬೇರೆಯೇ ಮನುಷ್ಯ ಯಾಕಾಗುತ್ತಾನೆ ಅಂತ ಇದರಿಂದ ಸ್ವಲ್ಪ ತಿಳಿಯುತ್ತದೆ.

ನಿಯಮವೋ, ನಮ್ಮ ಆಸೆಯೋ?

ಒಂದು ಹಾಳೆ ತಗೊಂಡು, ಮಗ ಅಥವಾ ಮಗಳ ಬಗ್ಗೆ ನಿಮಗಿರುವ ತಕರಾರೆಲ್ಲ ಬರೆಯಿರಿ. ನಾನು ಬರೆದಾಗ ಹದಿನಾಲ್ಕು ಬಂದವು. ತಡವಾಗಿ ಬರ್ತಾನೆ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತಾನೆ. ಗಡ್ಡ. ದೇವರಿಗೆ ಕೈ ಮುಗಿಯಲ್ಲ. ಅಪ್ಪನ ಸ್ಕೂಟರ್ ಖಾಲಿ ಟ್ಯಾಂಕಲ್ಲಿ ತಂದು ನಿಲ್ಲಿಸ್ತಾನೆ. ಭಾನುವಾರ ಮಧ್ಯಾಹ್ನ ಏಳ್ತಾನೆ. ನೆಂಟರು ಬಂದರೆ ರೂಮಿಂದ ಹೊರಗೆ ಬರಲ್ಲ.

ಆಮೇಲೆ ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದರಿಂದ ಮನೆಯ ಬೇರೆಯವರ ನಿದ್ದೆ, ಕೆಲಸ, ದುಡ್ಡು ಅಥವಾ ಸುರಕ್ಷತೆಗೆ ಪೆಟ್ಟು ಬೀಳುತ್ತಾ? ಹೌದು ಅಂದರೆ ಅದು ನಿಯಮದ ವಿಷಯ. ಇಲ್ಲ ಅಂದರೆ ಅದು ನಮ್ಮ ಆಸೆ. ಖಾಲಿ ಟ್ಯಾಂಕ್ ನಿಯಮದ ವಿಷಯ, ಗಡ್ಡ ನನ್ನ ಆಸೆ. ಕೈ ಮುಗಿಯೋದು ಅವನಿಗೂ ದೇವರಿಗೂ ಬಿಟ್ಟಿದ್ದು. ಹದಿನಾಲ್ಕರಲ್ಲಿ ಉಳಿದಿದ್ದು ಮೂರೇ. ಆಸೆಯನ್ನು ಹೇಳಬಾರದು ಅಂತಲ್ಲ. 'ನೆಂಟರು ಬಂದಾಗ ಐದು ನಿಮಿಷ ಕೂತರೆ ನನಗೆ ಖುಷಿ ಕಣೋ' ಅಂತ ಹೇಳಬಹುದು. ಅವನು ಕೂರದಿದ್ದರೆ ಅದಕ್ಕೆ ದಂಡ ಇಲ್ಲ, ಅಷ್ಟೇ.

ಓದು ಎರಡರ ನಡುವೆ ಬರುತ್ತದೆ. ಮಾರ್ಕ್ಸ್ ಅವರದು, ಫೀಸು ನಮ್ಮದು. ಹಾಗಾಗಿ 'ಡಿಸ್ಟಿಂಕ್ಷನ್ ಬರಲೇಬೇಕು' ಅನ್ನೋದು ನಿಯಮವಾಗಿ ನಿಲ್ಲುವುದಿಲ್ಲ. 'ಕ್ಲಾಸಿಗೆ ಹೋಗದೆ ಅಟೆಂಡೆನ್ಸ್ ಕಮ್ಮಿಯಾಗಿ ವರ್ಷ ಹೋದರೆ, ಆ ವರ್ಷದ ಫೀಸು ನೀನು ದುಡಿದು ಕಟ್ಟು' ಅನ್ನೋದು ನಿಲ್ಲುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮಗನಿಗೆ ಮಧ್ಯರಾತ್ರಿ, ಮಗಳಿಗೆ ಸಂಜೆ 7 ಅಂತ ಇರುವ ಮನೆಗಳು ಎಷ್ಟಿಲ್ಲ? ರಸ್ತೆಯ ಭಯ ಸುಳ್ಳಲ್ಲ. ಆದರೆ ಭಯಕ್ಕೆ ಉತ್ತರ ಹೇಗೆ ಬರುತ್ತಾಳೆ, ಯಾರ ಜೊತೆ ಬರುತ್ತಾಳೆ, ಫೋನಿನಲ್ಲಿ ಲೊಕೇಶನ್ ಯಾರಿಗೆ ಕಾಣುತ್ತದೆ ಅನ್ನೋದರಲ್ಲಿದೆ. ಮನೆಯ ನಿಯಮ ಒಬ್ಬರಿಗೆ ಮಾತ್ರ ಅನ್ವಯವಾದರೆ ಅದನ್ನು ಮನೆಯ ನಿಯಮ ಅನ್ನಲಾಗದು. ಮಗಳಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ.

ಶಿಕ್ಷೆ ಬೇರೆ, ಪರಿಣಾಮ ಬೇರೆ

ಈ ವಿಷಯದಲ್ಲಿ ಜಾಸ್ತಿ ಗೊಂದಲ ಇರೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ವಿಯೆನ್ನಾದಲ್ಲಿ ಹುಟ್ಟಿ ಷಿಕಾಗೊದಲ್ಲಿ ನೆಲೆಸಿದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ ಎರಡು ಬಗೆಯ ಪರಿಣಾಮಗಳನ್ನು ಬೇರೆ ಮಾಡಿ ತೋರಿಸಿದರು. ಒಂದು ತಾನಾಗಿಯೇ ಆಗುವುದು. ರಾತ್ರಿ 2ರವರೆಗೆ ಸರಣಿ ನೋಡಿದರೆ ಬೆಳಿಗ್ಗೆ ಆಫೀಸಿನ ಬಸ್ ತಪ್ಪುತ್ತದೆ. ನಾವು ಮಾಡಬೇಕಾದ್ದು ಒಂದೇ: ಎಬ್ಬಿಸದೆ ಸುಮ್ನೆ ಇರೋದು. ಅದೇ ಕಷ್ಟ. ಕುಕ್ಕರ್ ಕೂಗಿಸುತ್ತಾ ಆರು ಸಲ 'ಏಳೋ' ಅನ್ನುವ ಅಮ್ಮ ಅವನ ಅಲಾರಾಂ ಆಗಿಬಿಟ್ಟಿರುತ್ತಾಳೆ.

ಇನ್ನೊಂದು ನಾವು ಜೋಡಿಸುವುದು, ಆದರೆ ತಪ್ಪಿಗೂ ಅದಕ್ಕೂ ನೇರ ಸಂಬಂಧ ಇರಬೇಕು. ಸ್ಕೂಟರ್ ಖಾಲಿ ಮಾಡಿ ತಂದರೆ, ಪೆಟ್ರೋಲ್ ತುಂಬಿಸುವವರೆಗೆ ಕೀ ಕ್ಯಾಲೆಂಡರ್ ಪಕ್ಕದ ಮೊಳೆಗೆ ವಾಪಸ್ ಬರುವುದಿಲ್ಲ, ಅಪ್ಪನ ಜೇಬಲ್ಲಿರುತ್ತದೆ. ಇದು ಪರಿಣಾಮ. ಸ್ಕೂಟರ್ ಖಾಲಿ ಮಾಡಿದ್ದಕ್ಕೆ ಮೂರು ದಿನ ಮಾತು ಬಿಡೋದು, ವೈಫೈ ಕಿತ್ತುಹಾಕೋದು, ಅತ್ತೆಗೆ ಫೋನ್ ಮಾಡಿ ದೂರು ಹೇಳೋದು ಶಿಕ್ಷೆ. ಶಿಕ್ಷೆಯಲ್ಲಿ ಹುಡುಗನ ಗಮನ ಪೆಟ್ರೋಲಿನ ಮೇಲೆ ಇರುವುದಿಲ್ಲ, ಅಪ್ಪನ ಕೋಪದ ಮೇಲಿರುತ್ತದೆ. ವೈಫೈ ಅಂತೂ ವ್ಯರ್ಥ. ಅವನಿಗೆ ಮೊಬೈಲ್ ಡೇಟಾ ಇದೆ, ಧಾರಾವಾಹಿ ತಪ್ಪೋದು ಅಜ್ಜಿಗೆ.

ಪರಿಣಾಮ ನಿಲ್ಲಬೇಕಾದರೆ ಅದು ನಮ್ಮ ಕೈಲಿ ಆಗುವಂಥದ್ದಾಗಿರಬೇಕು. 'ಇನ್ನೊಂದ್ಸಲ ಹೀಗೆ ಮಾಡಿದ್ರೆ ಮನೆ ಬಿಟ್ಟು ಹೋಗು.' ಇದನ್ನು ಹೇಳದ ಅಪ್ಪ ಕರ್ನಾಟಕದಲ್ಲಿ ಕಮ್ಮಿ. ಹೇಳಿದವರೇ ರಾತ್ರಿ ಹತ್ತು ಸಲ ಕಿಟಕಿಯಿಂದ ಇಣುಕುತ್ತಾರೆ. ಮಗನಿಗೆ ಇದು ಚೆನ್ನಾಗಿ ಗೊತ್ತು. ನಾಳೆ ಬೆಳಿಗ್ಗೆ ಕೋಪ ಇಳಿದ ಮೇಲೂ ಮಾಡಲು ಆಗುವುದನ್ನಷ್ಟೇ ಇವತ್ತು ರಾತ್ರಿ ಹೇಳಬೇಕು. ಅದಕ್ಕೊಂದು ಕೊನೆಯೂ ಇರಬೇಕು. ಪೆಟ್ರೋಲ್ ತುಂಬಿಸಿದನೋ, ಕೀ ವಾಪಸ್, ಮಾತು ಮುಗಿಯಿತು. ಯುಗಾದಿಯ ತಪ್ಪನ್ನು ದೀಪಾವಳಿಗೆ ತೆಗೆಯುವಂತಿಲ್ಲ.

ಈಗ ನಮ್ಮ ತಟ್ಟೆಯ ಕಥೆ. ಮೊದಲು ನಾವು ಹಾಕಿದ ನಿಯಮ 'ರಾತ್ರಿ 10ರೊಳಗೆ ಮನೆ'. ಒಂದು ವಾರವೂ ನಡೆಯಲಿಲ್ಲ. ಅವನ ಕೆಲಸ ಮುಗಿಯುವುದೇ ರಾತ್ರಿ ಒಂಬತ್ತೂವರೆಗೆ, ವೈಟ್‌ಫೀಲ್ಡ್‌ನಲ್ಲಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಕೂತರೂ ವಿಜಯನಗರಕ್ಕೆ ಒಂದು ಗಂಟೆಗೆ ಕಮ್ಮಿಯಿಲ್ಲ. ನಿಯಮ ಹಾಕುವ ಮುಂಚೆ ನಾವು ಅದನ್ನೂ ಲೆಕ್ಕ ಹಾಕಿರಲಿಲ್ಲ. ಆಮೇಲೆ ಯೋಚಿಸಿದೆ, ನನಗೆ ನಿಜವಾಗಿ ಬೇಕಿರೋದು ಏನು? 10 ಗಂಟೆ ಅಲ್ಲ. ಗೇಟು ಹಾಕಿ ಮಲಗಬಹುದಾ ಅಂತ ಗೊತ್ತಾಗಬೇಕು. ಅಕ್ಕಿ ಎಷ್ಟು ಹಾಕಲಿ ಅಂತ ಗೊತ್ತಾಗಬೇಕು. ಅಷ್ಟೇ.

ಹಾಗಾಗಿ ನಿಯಮ ಬದಲಾಯಿತು. ಊಟಕ್ಕೆ ಇಲ್ಲ ಅಂದರೆ 8ರೊಳಗೆ ಒಂದು ಮೆಸೇಜ್. 11 ದಾಟಿದರೆ ಇನ್ನೊಂದು. ಕೀ ಅವನ ಹತ್ತಿರವೇ. ಮೆಸೇಜ್ ಮರೆತು ಅನ್ನ ಉಳಿದರೆ, ಮರುದಿನ ಬೆಳಿಗ್ಗೆ ಆ ಅನ್ನಕ್ಕೆ ಚಿತ್ರಾನ್ನ ಕಲಸುವುದು ಅವನ ಕೆಲಸ. ಎಲ್ಲರಿಗೂ. ಮೊದಲ ಸಲ ಅರಿಶಿನ ಎಷ್ಟು ಹಾಕಿದ್ದ ಅಂದರೆ ನಮ್ಮ ಬೆರಳೆಲ್ಲ ಸಂಜೆವರೆಗೂ ಹಳದಿ. ಕಡ್ಲೆಬೀಜ ಕರಕಲು. ಎಲ್ಲರೂ ತಿಂದೆವು, ಯಾರೂ ಏನೂ ಅನ್ನಲಿಲ್ಲ. ಆ ತಿಂಗಳಲ್ಲಿ ಇನ್ನೂ ಎರಡು ಸಲ ಕಲಸಿದ, ಮೂರನೆಯದು ಚೆನ್ನಾಗಿಯೇ ಇತ್ತು. ಆಮೇಲೆ ಮೆಸೇಜ್ ಬರತೊಡಗಿತು.

ಯಾವಾಗ ಮಾತಾಡೋದು, ಯಾರು ಮಾತಾಡೋದು

ರಾತ್ರಿ 11.40ಕ್ಕಂತೂ ಬೇಡ. ಅವನಿಗೆ ದಣಿವು, ನಮಗೆ ಕೋಪ. ಭಾನುವಾರ ತಿಂಡಿಯಾದ ಮೇಲೆ, ಮನೆಯಲ್ಲಿ ನೆಂಟರಿಲ್ಲದಾಗ, ಕಾಫಿ ಲೋಟ ಕೈಲಿದ್ದಾಗ ಒಳ್ಳೆಯದು. ಅದಕ್ಕೂ ಮುಂಚೆ ಗಂಡ ಹೆಂಡತಿ ಒಂದು ಮಾತಿಗೆ ಬಂದಿರಬೇಕು. ಅಮ್ಮ 'ಇಲ್ಲ' ಅಂದಿದ್ದನ್ನು ಅಪ್ಪ 'ಹೋಗ್ಲಿ ಬಿಡು' ಅಂದರೆ ನಿಯಮ ಅಲ್ಲೇ ಸತ್ತಿತು. ಅಜ್ಜಿಯನ್ನೂ ಮರೆಯಬೇಡಿ. ಮೊದಲು ಸೆರಗಿನ ಗಂಟಿನಿಂದ ಬರುತ್ತಿದ್ದ ನೂರು ರೂಪಾಯಿ ಈಗ ಫೋನ್‌ಪೇಯಲ್ಲಿ ಬರುತ್ತಿದೆ, ಅಷ್ಟೇ ವ್ಯತ್ಯಾಸ.

ಅಮೆರಿಕದ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಹೆತ್ತವರನ್ನು ಮೂರು ಬಗೆಯಾಗಿ ವಿಂಗಡಿಸಿದರು: 'ನಾನು ಹೇಳಿದ್ದೇ ಆಗಬೇಕು' ಅನ್ನುವವರು, 'ನಿನ್ನಿಷ್ಟ' ಅಂತ ಬಿಟ್ಟುಬಿಡುವವರು, ನಿಯಮ ಹಾಕಿ ಕಾರಣವನ್ನೂ ಹೇಳಿ ಮಕ್ಕಳ ಮಾತನ್ನೂ ಕೇಳುವವರು. ಅವರು ನೋಡಿದ್ದು ಪುಟ್ಟ ಮಕ್ಕಳ ಮನೆಗಳನ್ನು. ಆದರೆ ಮೂರನೆಯ ದಾರಿ ಬಿಟ್ಟರೆ 20ರವರ ಜೊತೆ ಬೇರೆ ದಾರಿಯೇ ಇಲ್ಲ ಅಂತ ನನಗನ್ನಿಸುತ್ತದೆ. ಮೊದಲನೆಯದಕ್ಕೆ ಬೇಕಾದ ಅಧಿಕಾರ ನಮ್ಮ ಕೈಲಿ ಉಳಿದಿಲ್ಲ. ಎರಡನೆಯದಾದರೆ ತಟ್ಟೆ ಮುಚ್ಚಿಡೋ ಕೆಲಸ ನಮಗೆ ತಪ್ಪೋದೇ ಇಲ್ಲ.

'ನಮ್ಮಿಂದ ನಿನಗೆ ಏನು ತೊಂದರೆ?' ಅಂತ ಕೇಳಿ ನೋಡಿ. ನಾನು ಕೇಳಿದಾಗ ಮಗ ಯೋಚಿಸಲೂ ಇಲ್ಲ. "ಅಮ್ಮ, ನೀನು ಬಾಗಿಲು ತಟ್ಟದೇ ಒಳಗೆ ಬರ್ತೀಯ. ಮೀಟಿಂಗಲ್ಲಿ ಎಲ್ಲರಿಗೂ ಕಾಣುತ್ತೆ, ನೀನು ಬಟ್ಟೆ ಮಡಿಸಿಡ್ತಿರೋದು." ಅದೂ ಪಟ್ಟಿಗೆ ಸೇರಿತು.

ದುಡ್ಡಿನ ಮಾತು

'ಮಗನ ಹತ್ರ ಬಾಡಿಗೆ ಕೇಳೋದಾ?' ಅಂತ ನಮಗೆ ನಾಚಿಕೆ. ಬಾಡಿಗೆ ಕೇಳಬೇಕಿಲ್ಲ, ಒಂದು ಬಿಲ್ಲು ಕೊಟ್ಟುಬಿಡಿ. ಸಂಬಳ ಬರುವವರಿಗೆ ಕರೆಂಟ್ ಬಿಲ್ ಒಳ್ಳೆಯ ಮೇಷ್ಟ್ರು. 2023ರಲ್ಲಿ ಬಂದ ಗೃಹಜ್ಯೋತಿ ನಿಮಗೆ ಗೊತ್ತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ರಾತ್ರಿಯಿಡೀ ಎಸಿ ಹಾಕಿ ಗೇಮ್ ಆಡಿದವನ ಕೈಗೇ ಆ ಬಿಲ್ಲು ಬಂದರೆ ನಾವು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಓದುತ್ತಿರುವವರಿಗಾದರೆ ತಿಂಗಳಿಗೆ ಇಷ್ಟು ಅಂತ ಒಂದೇ ಸಲ ಕೊಡಿ. 20ನೇ ತಾರೀಖಿಗೇ ಖಾಲಿಯಾದರೆ ಉಳಿದ ದಿನ ಮನೆಯ ಡಬ್ಬಿ, ಬಿಎಂಟಿಸಿ ಬಸ್ಸು.

ಸಾಲ ಬೇರೆ ಮಟ್ಟದ ವಿಷಯ. 18 ತುಂಬಿದವರು ತಮ್ಮ ಸಹಿಯಲ್ಲೇ ಮಾಡಿದ ಸಾಲಕ್ಕೆ ಅವರೇ ಹೊಣೆ. ನೀವು ಜಾಮೀನು ಹಾಕಿದ್ದರೆ ಅಥವಾ ಜಂಟಿ ಸಾಲಗಾರರಾಗಿದ್ದರೆ ಮಾತ್ರ ನಿಮ್ಮ ಕುತ್ತಿಗೆಗೆ ಬರುತ್ತದೆ. ಓದಿನ ಸಾಲದಲ್ಲಿ ಸಾಮಾನ್ಯವಾಗಿ ಹೆತ್ತವರದೂ ಸಹಿ ಇರುತ್ತದೆ, ನೆನಪಿಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು. ಅಂಥ ಆಟದಿಂದಲೋ ಸಾಲದ ಆ್ಯಪ್‌ನಿಂದಲೋ ಮಗ ಸಿಕ್ಕಿಬಿದ್ದಿದ್ದರೆ, ಗುಟ್ಟಾಗಿ ಒಡವೆ ಅಡ ಇಟ್ಟು ತೀರಿಸಿಬಿಡುವ ಆಸೆ ಅಮ್ಮಂದಿರಿಗೆ ಬರುತ್ತದೆ. ಹಾಗೆ ತೀರಿಸಿದರೆ ಅವನಿಗೆ ಸಾಲ ಮಾಡಿದ್ದರ ಬಿಸಿಯೇ ತಟ್ಟುವುದಿಲ್ಲ. ಜೊತೆಗೆ ಕೂತು ಯಾರಿಗೆ ಎಷ್ಟು ಅಂತ ಬರೆದು, ಅವನ ಸಂಬಳದಿಂದ ಕಂತು ಮಾಡಬಹುದು. ಆ್ಯಪ್‌ನವರು ಮೋಸ ಮಾಡಿದ್ದರೆ, ಬೆದರಿಸುತ್ತಿದ್ದರೆ ಸೈಬರ್ ಸಹಾಯವಾಣಿ 1930 ಇದೆ.

ನಿಯಮದಿಂದ ಆಗದ ಕೆಲಸ

ವಾರಗಟ್ಟಲೆ ರೂಮಿಂದ ಹೊರಗೆ ಬರುತ್ತಿಲ್ಲ, ಸ್ನಾನವಿಲ್ಲ, ಊಟ ಸೇರುತ್ತಿಲ್ಲ, ಇಷ್ಟಪಡುತ್ತಿದ್ದ ಕ್ರಿಕೆಟ್ಟೂ ಬೇಡವಾಗಿದೆ. ಇದು ಸೋಮಾರಿತನದ ಹಾಗೆ ಕಾಣುತ್ತದೆ, ಖಿನ್ನತೆ ಇರಬಹುದು. ಕುಡಿತ, ಗಾಂಜಾ, ಬಿಡಲಾಗದ ಜೂಜು ಕೂಡ ಇದೇ ಸಾಲಿನವು. ಜ್ವರ ಬಂದವನಿಗೆ ನಿಯಮ ಹಾಕಿದರೆ ಜ್ವರ ಇಳಿಯುತ್ತದಾ? ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆತ್ತವರೂ ಕರೆ ಮಾಡಬಹುದು. ಗೇಮ್, ಮೊಬೈಲ್ ಬಿಡಲಾಗದವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಬೇರೆ ಕ್ಲಿನಿಕ್ ಇದೆ.

ಮಗ ಕೈ ಎತ್ತುತ್ತಿದ್ದಾನೆ, ದುಡ್ಡಿಗಾಗಿ ಬೆದರಿಸುತ್ತಿದ್ದಾನೆ ಅಂದರೆ ಅದು 'ಮನೆ ವಿಷಯ' ಅಲ್ಲ. ತಕ್ಷಣಕ್ಕೆ 112. ಹೆತ್ತವರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಡಿ, ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು, ಅದಕ್ಕೆ 60 ವರ್ಷ ಆಗಿರಲೇಬೇಕು ಅಂತಿಲ್ಲ. ಅರ್ಜಿ ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿರುತ್ತದೆ.

ಪಟ್ಟಿಗೂ ವಯಸ್ಸಾಗುತ್ತದೆ

20ಕ್ಕೆ ಹಾಕಿದ ನಿಯಮ 24ಕ್ಕೆ ಬಿಗಿಯಾಗುತ್ತದೆ, ಶಾಲೆಯ ಯೂನಿಫಾರಂ ಹಾಗೆ. ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಬೇಕು. ನಮ್ಮ ಪಟ್ಟಿ ಇರೋದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ, ಫ್ರಿಜ್ಜಿನ ಪಕ್ಕ. ಈ ಯುಗಾದಿಯ ಮರುದಿನ ಮೂವರೂ ಕೂತು ನೋಡಿದೆವು. 11 ಗಂಟೆಯ ಮೆಸೇಜ್ ಇನ್ನು ಬೇಡ ಅಂತ ನಾನೇ ಗೆರೆ ಎಳೆದೆ, ಈಗ ಹೇಗೂ ನಿದ್ದೆ ಬರುತ್ತದೆ. 8 ಗಂಟೆಯದು ಉಳಿಯಿತು. ಪೆಟ್ರೋಲಿನದು ಉಳಿಯಿತು, ಯಾಕೆಂದರೆ ಈ ಸಲ ಖಾಲಿ ಮಾಡಿ ತಂದು ನಿಲ್ಲಿಸಿದ್ದು ಅವರಪ್ಪ. ಬಾಗಿಲು ತಟ್ಟುವುದರ ಕೆಳಗೆ ಮಗ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಹೊಸದೊಂದು ಸೇರಿಸಿದ: 'ನನ್ನ ಸಂಬಳ ಎಷ್ಟು ಅಂತ ಚಿಕ್ಕಮ್ಮನಿಗೆ ಹೇಳಕೂಡದು.'